ಪಾಳಿ ಬಿಟ್ಟುಕೊಡುವ ಮೊದಲು

ಊರು ಬಿಟ್ಟು ಬೆಂಗಳೂರಿಗೆ ಹೊರಟವರಿಗೆ ಹಿರಿಯರು ಹೇಳುವ ಮಾತುಗಳು ಬೇಕಾದಷ್ಟಿವೆ. ಹೊತ್ತಿಗೆ ಸರಿಯಾಗಿ ಉಣ್ಣು, ದುಡ್ಡು ಜೋಪಾನ, ತಲುಪಿದ ಕೂಡಲೇ ಫೋನ್ ಮಾಡು. ಅವನ್ನೆಲ್ಲ ನಿನ್ನ ಅಜ್ಜಿ ಹೇಳಿ ಮುಗಿಸಿದ್ದಾಳೆ. ನಾನು ಹೇಳಬೇಕೆಂದಿರುವುದು ಕ್ಯೂ ನಿಲ್ಲುವುದರ ಬಗ್ಗೆ. ನಗಬೇಡ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ಸಂಸಾರ ಸಾಕಿದವನು ನಾನು. ನೀವೆಲ್ಲ ಕ್ಯೂವನ್ನು ಹಿಂದಿನಿಂದ ನೋಡಿದವರು. ಕಂಡದ್ದು ಮುಂದಿನವರ ಬೆನ್ನು, ಬೆವರಿದ ಕಾಲರು ಅಷ್ಟೇ. ನಾನು ಅದನ್ನು ಎದುರಿನಿಂದ, ಸಣ್ಣ ಕಂಡಿಯಲ್ಲಿ, ಒಂದೊಂದೇ ಮುಖವಾಗಿ ನೋಡಿದವನು.

ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿ ಹಿತ್ತಾಳೆ ಟೋಕನ್ ಇತ್ತು. ಚೆಕ್ಕು ಕೊಟ್ಟರೆ ಗುಮಾಸ್ತರು ನಂಬರ್ ಹೊಡೆದ ಬಿಲ್ಲೆ ಕೊಡುತ್ತಿದ್ದರು. ಅದನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತರೆ ಮುಗಿಯಿತು. ಮುಕ್ಕಾಲು ಗಂಟೆಯಾದರೂ ಯಾರೂ ಗೊಣಗುತ್ತಿರಲಿಲ್ಲ. ಮಳೆಯ ಮಾತು, ಅಡಿಕೆ ಧಾರಣೆಯ ಮಾತು, ಯಾರದೋ ಮಗಳ ಸಂಬಂಧದ ಮಾತು ನಡೆಯುತ್ತಿತ್ತು. ಆದರೆ 38ನ್ನು ಕರೆಯುವ ಮೊದಲು 41ನ್ನು ಕರೆದೆವೋ, ಇಡೀ ಬೆಂಚು ಎದ್ದು ನಿಲ್ಲುತ್ತಿತ್ತು. ನಷ್ಟವಾದದ್ದು ಒಂದೆರಡು ನಿಮಿಷ. ಮುಕ್ಕಾಲು ಗಂಟೆಗೆ ಬಾರದ ಸಿಟ್ಟು ಆ ಒಂದೆರಡು ನಿಮಿಷಕ್ಕೆ ಬರುತ್ತಿತ್ತು. ಅಮೆರಿಕದಲ್ಲಿ ಡೇವಿಡ್ ಮೈಸ್ಟರ್ ಎನ್ನುವವರು 1985ರಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಒಂದು ಪ್ರಬಂಧ ಬರೆದರು. ಸುಮ್ಮನೆ ಕೂತ ಹೊತ್ತು, ಯಾವಾಗ ಮುಗಿಯುತ್ತದೋ ತಿಳಿಯದ ಹೊತ್ತು, ಕಾರಣ ಹೇಳದೆ ಕಾಯಿಸಿದ ಹೊತ್ತು, ಅನ್ಯಾಯವಾಯಿತು ಅನಿಸಿದ ಹೊತ್ತು, ಇವೆಲ್ಲ ಗಡಿಯಾರ ತೋರಿಸುವುದಕ್ಕಿಂತ ಉದ್ದವಾಗಿ ಕಾಣುತ್ತವೆ ಎಂದು ಅದರಲ್ಲಿದೆ. ಓದಿದಾಗ, ಇದನ್ನು ನಮ್ಮ ಬೆಂಚಿನವರೇ ಹೇಳಿಕೊಟ್ಟಿದ್ದರಲ್ಲ ಅನಿಸಿತು. ತಿರುಮಲೆಯಲ್ಲಿ ಭಕ್ತರನ್ನು ನಿಲ್ಲಿಸದೆ ಕಂಪಾರ್ಟ್‌ಮೆಂಟುಗಳಲ್ಲಿ ಕೂರಿಸಿ, ಹಾಲು, ಊಟ ಹಂಚುವುದರ ಹಿಂದೆಯೂ ಇದೇ ಬುದ್ಧಿಯಿದೆ. ಹೊತ್ತು ಕಡಿಮೆಯಾಗುವುದಿಲ್ಲ, ಭಾರ ಕಡಿಮೆಯಾಗುತ್ತದೆ.

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದದ್ದು ನಿನಗೆ ಮಸುಕಾಗಿ ನೆನಪಿರಬಹುದು. 10ನೇ ತಾರೀಕು ಬಾಗಿಲು ತೆರೆದಾಗ ಸಾಲು ರಸ್ತೆ ದಾಟಿತ್ತು. ಒಬ್ಬರಿಗೆ 4000 ರೂಪಾಯಿ ಬದಲಾಯಿಸಿ ಕೊಡಬಹುದಿತ್ತು. ಕೆಲವೇ ದಿನದಲ್ಲಿ ಅದು 4500 ಆಯಿತು, ಮತ್ತೆ 2000ಕ್ಕೆ ಇಳಿಯಿತು. ಒಬ್ಬರೇ ತಿರುಗಿ ತಿರುಗಿ ಬರುತ್ತಿದ್ದಾರೆಂದು ಬೆರಳಿಗೆ ಶಾಯಿ ಹಚ್ಚಬೇಕೆಂಬ ಆದೇಶವೂ ಬಂತು. ನಮ್ಮ ಮೈಸೂರು ಪೇಂಟ್ಸ್‌ನಲ್ಲಿ ತಯಾರಾಗುವ, ಮತ ಹಾಕಿದವರ ಬೆರಳಿಗೆ ಹಚ್ಚುವ ಅದೇ ಶಾಯಿ. ಆ ದಿನಗಳಲ್ಲಿ ಬಿಸಿಲಿನಲ್ಲಿ ನಿಂತ ಜನರ ತಾಳ್ಮೆ ಕಂಡು ನನಗೇ ನಾಚಿಕೆಯಾಗುತ್ತಿತ್ತು. ವಯಸ್ಸಾದವರಿಗೆ ಯಾರೋ ಕುರ್ಚಿ ತಂದುಹಾಕುತ್ತಿದ್ದರು, ಎದುರಿನ ಅಂಗಡಿಯವರು ನೀರು ಕೊಡುತ್ತಿದ್ದರು. ಜಗಳ ಆಗಲಿಲ್ಲ ಎನ್ನಲಾರೆ. ಆದದ್ದೆಲ್ಲ ಎರಡೇ ಸಂದರ್ಭದಲ್ಲಿ: ‘ಕ್ಯಾಶ್ ಮುಗಿಯಿತಂತೆ’ ಎಂಬ ಗಾಳಿಮಾತು ಹಬ್ಬಿದಾಗ, ಮತ್ತು ಹಿಂಬಾಗಿಲಿನಿಂದ ಯಾರೋ ಒಳಗೆ ಹೋದದ್ದು ಕಣ್ಣಿಗೆ ಬಿದ್ದಾಗ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನುಗ್ಗಬೇಡ ಎಂದು ನಿನಗೆ ಹೇಳಬೇಕಾಗಿಲ್ಲ, ನಮ್ಮ ಮನೆಯ ಮಕ್ಕಳು ನುಗ್ಗುವವರಲ್ಲ. ನನಗೆ ಭಯ ಇರುವುದು ನಿನ್ನ ಒಳ್ಳೆಯತನದ ಬಗ್ಗೆ. ನೀನು ಸಾಲಿನಲ್ಲಿ ನಿಂತಿರುತ್ತೀಯ. ಸಹಪಾಠಿಯೊಬ್ಬ ಬಂದು ಭುಜ ತಟ್ಟುತ್ತಾನೆ, ಒಂದೆರಡು ಮಾತಾಡುತ್ತಾನೆ, ಹಾಗೇ ನಿನ್ನ ಮುಂದೆ ಸೇರಿಕೊಳ್ಳುತ್ತಾನೆ. ನೀನು ಜಾಗ ಮಾಡಿಕೊಡುತ್ತೀಯ. ಉಪಕಾರ ಮಾಡಿದೆ ಎಂಬ ಸಂತೋಷ ನಿನಗೆ. ಲೆಕ್ಕ ಹಾಕು. ಅವನ ಕೆಲಸಕ್ಕೆ ಮೂರು ನಿಮಿಷ. ನಿನ್ನ ಹಿಂದೆ ಇಪ್ಪತ್ತು ಜನ. ಪ್ರತಿಯೊಬ್ಬರಿಂದಲೂ ಮೂರು ನಿಮಿಷ ಹೋಯಿತು, ಒಟ್ಟು ಒಂದು ಗಂಟೆ. ಅವರಲ್ಲಿ ಒಬ್ಬರನ್ನೂ ನೀನು ಕೇಳಲಿಲ್ಲ. ಇದು ಇನ್ನೊಬ್ಬರ ಖಾತೆಯಿಂದ ದುಡ್ಡು ತೆಗೆದು ನಿನ್ನ ಹೆಸರಿನಲ್ಲಿ ದಾನ ಬರೆಸಿದ ಹಾಗೆ. ಕೊಡಲೇಬೇಕು ಅನಿಸಿದರೆ ದಾರಿಯಿದೆ. ನಿನ್ನ ಜಾಗದಲ್ಲಿ ಅವನನ್ನು ನಿಲ್ಲಿಸಿ ನೀನು ಸಾಲಿನ ಕೊನೆಗೆ ಹೋಗು. ಆಗ ಕೊಟ್ಟದ್ದು ನಿನ್ನದು. ಹಿಂದಿನವರು ಯಾರೂ ಏನೂ ಕಳೆದುಕೊಳ್ಳಲಿಲ್ಲ. ಹಾಗೆ ಮಾಡಲು ಮನಸ್ಸು ಒಪ್ಪದಿದ್ದರೆ ಆ ಉಪಕಾರ ಎಷ್ಟು ಬೆಲೆಯದು ಎಂದು ನಿನಗೇ ತಿಳಿಯುತ್ತದೆ. ಸ್ನೇಹಿತ ಬೇಸರ ಮಾಡಿಕೊಂಡರೆ ಸಂಜೆ ಒಂದು ಕಾಫಿ ಕುಡಿಸು.

ಇನ್ನೊಂದು ಸಂಗತಿ. ನಿನ್ನ ಮುಂದೆಯೇ ಯಾರಾದರೂ ನುಸುಳಿದರೆ ಮಾತಾಡಬೇಕಾದವರು ಯಾರು? ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳನ್ನು ನ್ಯೂಯಾರ್ಕಿನ ರೈಲ್ವೆ ಟಿಕೆಟ್ ಕೌಂಟರಿನಂಥ ಕಡೆಗಳಿಗೆ ಕಳಿಸಿ, ಒಟ್ಟು 129 ಸಾಲುಗಳಲ್ಲಿ ಬೇಕೆಂದೇ ಮಧ್ಯೆ ನುಗ್ಗಿಸಿದ. 1986ರಲ್ಲಿ ಅದರ ವರದಿ ಬಂತು. ಆಕ್ಷೇಪಿಸಿದವರು ಹೆಚ್ಚಾಗಿ ನುಗ್ಗಿದವನ ಹಿಂದಿನವರು, ಅದರಲ್ಲೂ ಸರಿಯಾಗಿ ಅವನ ಬೆನ್ನ ಹಿಂದೆ ನಿಂತವರು. ಆ ಬೆನ್ನ ಹಿಂದಿನ ಜಾಗದಲ್ಲಿ ತನ್ನದೇ ಕಡೆಯ ಒಬ್ಬರನ್ನು ಬಾಯಿಮುಚ್ಚಿಕೊಂಡು ನಿಲ್ಲುವಂತೆ ಏರ್ಪಾಡು ಮಾಡಿದಾಗ ಉಳಿದವರೂ ಬಹುಮಟ್ಟಿಗೆ ಸುಮ್ಮನಾದರು. ಹತ್ತಿರದವರೇ ಒಪ್ಪಿರುವಾಗ ನಾವ್ಯಾಕೆ ಎಂದು. ಇನ್ನೂ ಒಂದು ಸ್ವಾರಸ್ಯ: ನುಗ್ಗುವ ಕೆಲಸ ಆ ವಿದ್ಯಾರ್ಥಿಗಳಿಗೇ ಹಿಂಸೆಯಾಗಿತ್ತಂತೆ, ಧೈರ್ಯ ಮಾಡಲು ಕೆಲವರು ಎಷ್ಟೋ ಹೊತ್ತು ಅಲ್ಲೇ ಸುಳಿದಾಡಿದರು. ಹತ್ತಿರದವರು ಸುಮ್ಮನಿದ್ದರೆ ಉಳಿದವರೂ ಸುಮ್ಮನಾಗುತ್ತಾರೆ ಅಂದಮೇಲೆ, ಸಾಲಿನ ಮಧ್ಯೆ ನಿಂತಿರುವ ನಿನ್ನ ಮೌನ ನಿನ್ನ ಹಿಂದಿನವರೆಲ್ಲರ ಬಾಯಿಯನ್ನೂ ಕಟ್ಟುತ್ತದೆ ಎಂಬುದು ನೆನಪಿರಲಿ. ಕೂಗಾಡಬೇಡ, ಅವರ ಊರು, ಭಾಷೆ, ಬಟ್ಟೆಯ ಸುದ್ದಿ ಎತ್ತಬೇಡ. ‘ಸಾರ್, ಸಾಲು ಅಲ್ಲಿಂದ ಶುರು’ ಎಂದು ಕೈ ತೋರಿಸು. ಬಹಳ ಜನಕ್ಕೆ ನಿಜವಾಗಿ ಗೊತ್ತಿರುವುದಿಲ್ಲ. ಗೊತ್ತಿದ್ದೂ ಬಂದವರಿಗೆ ಗೊತ್ತಿರಲಿಲ್ಲವೆಂದು ಹೇಳಿ ಹಿಂದೆ ಸರಿಯಲು ಒಂದು ಮರ್ಯಾದೆಯ ದಾರಿ ಸಿಗುತ್ತದೆ.

ನಮ್ಮ ಕಡೆ ಮನುಷ್ಯರ ಬದಲು ವಸ್ತುಗಳೂ ಪಾಳಿ ನಿಲ್ಲುತ್ತವೆ. ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು, ರೇಷನ್ ಅಂಗಡಿಯ ಮುಂದೆ ಚೀಲ, ಗೊಬ್ಬರದ ಸೊಸೈಟಿಯ ಮುಂದೆ ಚಪ್ಪಲಿ, ಅದರ ಮೇಲೊಂದು ಕಲ್ಲು. ಇದನ್ನು ಕಂಡು ಪಟ್ಟಣದವರು ನಗುತ್ತಾರೆ. ನಗುವಂಥದ್ದೇನಿಲ್ಲ. ಲಿಯಾನ್ ಮಾನ್ ಎಂಬುವರು 1960ರ ದಶಕದಲ್ಲಿ ಮೆಲ್ಬರ್ನಿನಲ್ಲಿ ಫುಟ್‌ಬಾಲ್ ಫೈನಲ್ ಟಿಕೆಟ್ಟಿಗಾಗಿ ರಾತ್ರಿಯಿಡೀ ನಿಲ್ಲುವವರ ಸಾಲನ್ನು ಅಭ್ಯಾಸ ಮಾಡಿದರು. ಅಲ್ಲಿಯೂ ಜನ ಪೆಟ್ಟಿಗೆ, ಹಾಸಿಗೆಗಳನ್ನಿಟ್ಟು ಹೋಗುತ್ತಿದ್ದರು, ಗುಂಪಿನವರು ಸರದಿಯ ಮೇಲೆ ಕಾವಲಿರುತ್ತಿದ್ದರು, ತುಂಬಾ ಹೊತ್ತು ಬಾರದವರ ಜಾಗಕ್ಕೆ ಬೆಲೆ ಇರುತ್ತಿರಲಿಲ್ಲ. ನಮ್ಮ ನಲ್ಲಿಯ ಕಾನೂನೂ ಅದೇ: ಕೊಡ ಇಟ್ಟವರು ಕೂಗಿದರೆ ಕೇಳುವಷ್ಟು ದೂರದಲ್ಲಿರಬೇಕು, ಒಂದು ಸುತ್ತಿಗೆ ಮನೆಗಿಷ್ಟೇ ಕೊಡ ಎಂದು ಮೊದಲೇ ತೀರ್ಮಾನವಾಗಿರಬೇಕು. ಯಾರೂ ಬರೆದಿಟ್ಟದ್ದಲ್ಲ, ಪೊಲೀಸರು ಕಾಯುವುದೂ ಇಲ್ಲ. ನೀನು ಪಿಜಿಯಲ್ಲಿ ಬಾತ್‌ರೂಮಿನ ಮುಂದೆ ಬಕೆಟ್ ಇಡುವಾಗ ಈ ನಿಯಮ ಮರೆಯಬೇಡ. ಬಕೆಟ್ ಇಟ್ಟು ಮತ್ತೆ ಮಲಗಿದರೆ ಆ ಬಕೆಟ್ಟಿಗೆ ಹಕ್ಕಿಲ್ಲ.

ಅವಸರ ಯಾರಿಗೂ ಬರಬಹುದು, ಬಂದಾಗ ಕೇಳು. 1978ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು ಝೆರಾಕ್ಸ್ ಯಂತ್ರದ ಹತ್ತಿರ ಮಾಡಿದ ಪ್ರಯೋಗ ಪ್ರಸಿದ್ಧ. ಐದು ಪುಟವಿದೆ, ಮೊದಲು ಮಾಡಿಕೊಳ್ಳಲೇ ಎಂದಷ್ಟೇ ಕೇಳಿದಾಗ ನೂರಕ್ಕೆ 60 ಮಂದಿ ಬಿಟ್ಟರು; ಅವಸರವಿದೆ ಎಂದಾಗ 94. ‘ಯಾಕೆಂದರೆ ಪ್ರತಿ ತೆಗೆಯಬೇಕಾಗಿದೆ’ ಎಂಬ ಅರ್ಥವಿಲ್ಲದ ಕಾರಣಕ್ಕೂ 93. ಇಲ್ಲಿಗೆ ನಿಲ್ಲಿಸಿ ಜನ ಪೆದ್ದರು ಎಂದು ನಗುವವರುಂಟು. ಮುಂದಿನದನ್ನೂ ಓದಬೇಕು: ಪುಟ ಇಪ್ಪತ್ತಾದಾಗ ಪೊಳ್ಳು ಕಾರಣ ನಡೆಯಲಿಲ್ಲ, ಬರೀ 24 ಮಂದಿ ಒಪ್ಪಿದರು, ನಿಜವಾದ ಕಾರಣಕ್ಕೆ 42. ಸಣ್ಣ ಕೋರಿಕೆಗೆ ಮರ್ಯಾದೆಯ ಮಾತು ಸಾಕು, ದೊಡ್ಡದಕ್ಕೆ ಸತ್ಯ ಬೇಕು. ಮತ್ತೆ, ಕೇಳುವಾಗ ಮೊದಲನೆಯವರನ್ನು ಮಾತ್ರ ಕೇಳಬೇಡ. ಹಿಂದಿನವರಿಗೂ ಕೇಳುವಂತೆ ಕೇಳು.

ಕೇಳಬೇಕಾಗಿಲ್ಲದವರೂ ಇದ್ದಾರೆ. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಪಾಳಿಯನ್ನು ಗಾಯ ನಿರ್ಧರಿಸುತ್ತದೆ, ಬಂದ ಹೊತ್ತಲ್ಲ. ಬೆರಳು ಕೊಯ್ದುಕೊಂಡು ಮೊದಲೇ ಬಂದವರು ಎದೆನೋವಿನವರಿಗಾಗಿ ಕಾಯಲೇಬೇಕು. ಮತಗಟ್ಟೆಯಲ್ಲಿ ಕೈಗೂಸು ಹೊತ್ತವರಿಗೆ, ಅಶಕ್ತರಿಗೆ ಮುಂದೆ ಬಿಡುತ್ತಾರೆ. ಮತಗಟ್ಟೆಯ ಇನ್ನೊಂದು ಪದ್ಧತಿ ನನಗೆ ಬಲು ಇಷ್ಟ. ಚುನಾವಣಾ ಕೆಲಸಕ್ಕೆ ಹೋದಾಗ ಕಲಿತದ್ದು. ಮತದಾನದ ಹೊತ್ತು ಮುಗಿದಾಗ ಇನ್ನೂ ಸಾಲಿದ್ದರೆ ಅಷ್ಟೂ ಜನರಿಗೆ ಮತ ಹಾಕುವ ಹಕ್ಕಿದೆ. ಅಧಿಕಾರಿ ಸಹಿ ಹಾಕಿದ ಚೀಟಿ ಹಂಚಬೇಕು. ಆ ಚೀಟಿಯನ್ನು ಸಾಲಿನ ತಲೆಯಿಂದ ಹಂಚುವುದಿಲ್ಲ, ಕೊನೆಯವರಿಂದ ಶುರುಮಾಡುತ್ತಾರೆ. ತಲೆಯಿಂದ ಶುರುಮಾಡಿದರೆ ಹಂಚುತ್ತಾ ಹೋದಂತೆ ಬಾಲ ಬೆಳೆಯುತ್ತಲೇ ಇರುತ್ತದೆ, ನೋಡು. ಯಾರ ತಲೆಯಲ್ಲಿ ಹೊಳೆಯಿತೋ, ಬುದ್ಧಿವಂತರು.

ದುಡ್ಡು ಕೊಟ್ಟವರ ಸಾಲಿನ ಬಗ್ಗೆ ನೀನು ಒಮ್ಮೆ ವಾದಿಸಿದ್ದೆ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ತೆರೆದಾಗ ಧರ್ಮದರ್ಶನಕ್ಕೊಂದು ಸಾಲು, 300ಕ್ಕೊಂದು, 1000ಕ್ಕೊಂದು. ನನಗೂ ಅದು ರುಚಿಸುವುದಿಲ್ಲ. ಆದರೂ ಅಲ್ಲಿ ದರ ಬೋರ್ಡಿನ ಮೇಲಿದೆ, ಎಲ್ಲರಿಗೂ ಕಾಣುತ್ತದೆ, ಬೇಡವೆನ್ನುವವರು ಬೈದುಕೊಂಡಾದರೂ ತಿಳಿದು ನಿಂತಿರುತ್ತಾರೆ. ‘ನಮ್ಮವರೊಬ್ಬರು ಒಳಗಿದ್ದಾರೆ’ ಎಂದು ಪಕ್ಕದ ಬಾಗಿಲಿನಿಂದ ಹೋಗುವುದು ಅದಕ್ಕಿಂತ ಕೆಟ್ಟದ್ದು. ನನ್ನ ಹೆಸರು ಹೇಳಿ ಯಾವ ಬ್ಯಾಂಕಿನಲ್ಲೂ ಮುಂದೆ ಹೋಗಬೇಡ.

ಮದುವೆಮನೆಯ ಊಟದ ಹಾಲ್ ನಾವು ಮಾನ ಕಳೆದುಕೊಳ್ಳುವ ಜಾಗ. ಇನ್ನೂ ಸಾರಿನಲ್ಲಿರುವವರ ಕುರ್ಚಿಯ ಹಿಂದೆ ನಿಂತು ಅದರ ಬೆನ್ನನ್ನು ಹಿಡಿದುಕೊಳ್ಳುವುದು, ಮಜ್ಜಿಗೆ ಬಂತೇ ಎಂದು ಎಲೆಗೆ ಬಗ್ಗಿ ನೋಡುವುದು, ಪಕ್ಕದ ನಾಲ್ಕು ಕುರ್ಚಿಗೆ ಕರ್ಚೀಫು ಹಾಕುವುದು. ಉಣ್ಣುವವರಿಗೆ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ. ಅಮೆರಿಕದಲ್ಲಿ ಒಂದು ಮಾಲಿನ ಪಾರ್ಕಿಂಗಿನಲ್ಲಿ ಲೆಕ್ಕ ಹಾಕಿದವರು ಹೇಳುವಂತೆ, ತಮ್ಮ ಜಾಗಕ್ಕೆ ಇನ್ನೊಂದು ಕಾರು ಕಾಯುತ್ತಿದ್ದರೆ ಜನ ಹೊರಡಲು ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ. ಹಾರ್ನ್ ಹೊಡೆದರಂತೂ ಮತ್ತೂ ನಿಧಾನ. ಕುರ್ಚಿ ಹಿಡಿದು ನಿಂತವರು ಪಾಯಸದ ಎರಡನೇ ಸುತ್ತನ್ನು ತಾವೇ ಕರೆಸುತ್ತಾರೆ ಎಂದು ನನ್ನ ಗುಮಾನಿ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿನಲ್ಲಿ ಭಾನುವಾರ ಹೆಸರು ಬರೆಸಿ ಬಾಗಿಲಾಚೆ ನಿಲ್ಲಬೇಕು. ಕೂಗಿದಾಗ ಒಳಗೆ ಹೋದರಾಯಿತು. ಒಳಗಿನವರ ದೋಸೆಯೂ ನೆಮ್ಮದಿ, ಹೊರಗಿನವರ ಹಸಿವಿಗೂ ಮರ್ಯಾದೆ. ಛತ್ರದವರು ಇದನ್ನು ಯಾಕೆ ಕಲಿಯುವುದಿಲ್ಲವೋ. ಅವರು ಕಲಿಯುವ ತನಕ ನೀನು ಹಾಲಿನ ಹೊರಗೆ ನಿಂತು ನೆಂಟರ ಹತ್ತಿರ ಮಾತಾಡು. ಎರಡನೇ ಪಂಕ್ತಿಯಲ್ಲೂ ಹೋಳಿಗೆ ಇರುತ್ತದೆ.

ಕಾಯುವಾಗ ತಲೆಬಿಸಿಯಾದರೆ ಕ್ಯಾಶಿಯರ್ ಲೆಕ್ಕ ಮಾಡು. ಐದು ನಿಮಿಷದಲ್ಲಿ ಎಷ್ಟು ಜನ ಕೌಂಟರ್ ಬಿಟ್ಟರು ಎಂದು ಎಣಿಸು. ಆರು ಜನ ಹೋದರೆ, ನಿನ್ನ ಮುಂದೆ 24 ಜನ ಇದ್ದರೆ, ಇಪ್ಪತ್ತು ನಿಮಿಷ. ಇದರ ಹಿಂದಿನ ಸೂತ್ರವನ್ನು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದರು. ನಿನ್ನ ಇಂಜಿನಿಯರಿಂಗ್ ಪುಸ್ತಕದಲ್ಲಿ ಸಿಗುತ್ತದೆ. ಇಪ್ಪತ್ತು ನಿಮಿಷ ಎಂದು ಗೊತ್ತಾದರೆ ಅರ್ಧ ಸಂಕಟ ಹೋಗುತ್ತದೆ. ನಿಲ್ಲಬೇಕೋ ನಾಳೆ ಬರಬೇಕೋ ಎಂದೂ ತೀರ್ಮಾನಿಸಬಹುದು. ಪಕ್ಕದ ಸಾಲು ಯಾವಾಗಲೂ ಬೇಗ ಹೋಗುತ್ತದೆ ಎಂಬ ನಿನ್ನ ದೂರಿಗೂ ಉತ್ತರ ಇದೆ. ಮೂರು ಸಾಲಿದ್ದರೆ ನಿನ್ನದೇ ಎಲ್ಲಕ್ಕಿಂತ ಬೇಗ ಸಾಗುವ ಸಂಭವ ಮೂರರಲ್ಲಿ ಒಂದು. ಉಳಿದ ಎರಡು ಸಲ ಬೇರೆ ಯಾವುದೋ ಮುಂದಿರುತ್ತದೆ. ನಿನ್ನ ಸಾಲೇ ಗೆದ್ದ ದಿನವನ್ನು ನೀನು ಮರೆತುಬಿಡುತ್ತೀಯ. ಸಾಲಿನಿಂದ ಸಾಲಿಗೆ ಹಾರಬೇಡ.

ಕೊನೆಗೆ ನಿನ್ನ ಪಾಳಿ ಬರುತ್ತದೆ. ಕೌಂಟರಿನ ಒಳಗಿನಿಂದ ನಾನು ಅತಿ ಹೆಚ್ಚು ನೋಡಿದ ದೃಶ್ಯ ಇದು: ಅರ್ಧ ಗಂಟೆ ಚಡಪಡಿಸಿದ ಮನುಷ್ಯ ಕಂಡಿಯ ಮುಂದೆ ಬಂದ ಮೇಲೆ ನಿಧಾನವಾಗಿ ಬ್ಯಾಗು ತೆರೆದು ಪಾಸ್‌ಬುಕ್ ಹುಡುಕಲು ಶುರುಮಾಡುತ್ತಾನೆ. ಆಮೇಲೆ ಚಲನ್ ತುಂಬುತ್ತಾನೆ. ಆಮೇಲೆ ಫೋನ್ ಬರುತ್ತದೆ. ಕಾಗದ, ಚಿಲ್ಲರೆ, ಓಟಿಪಿ ಬರುವ ಫೋನು ಎಲ್ಲ ಮೊದಲೇ ಕೈಯಲ್ಲಿರಲಿ. ಒಳಗಿನವರಿಗೂ ಒಂದು ನಮಸ್ಕಾರ ಹೇಳು. ಅವರು ಬೆಳಗಿನಿಂದ ಅದೇ ಸಾಲನ್ನು ನೋಡುತ್ತಿರುತ್ತಾರೆ, ಅವರಿಗೆ ಅದು ಮುಂದಕ್ಕೆ ಹೋಗುವುದೇ ಇಲ್ಲ. ಜೇಬಿನಲ್ಲಿ ಒಂದು ಪೆನ್ನಿರಲಿ. ಸಾಲಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ, ಧಾರಾಳವಾಗಿ ಕೊಡು. ಕ್ಯಾಪು ಮಾತ್ರ ನಿನ್ನ ಹತ್ತಿರವೇ ಇಟ್ಟುಕೊ.