ಮಾಂಸವೊಂದೇ ಊಟವಾದರೆ?

ಮನುಷ್ಯನು ಏನನ್ನು ತಿನ್ನಬೇಕೆಂಬ ಪ್ರಶ್ನೆ ಬಹಳ ಹಳೆಯದು. ಈಚಿನ ವರ್ಷಗಳಲ್ಲಿ ಇದಕ್ಕೊಂದು ವಿಚಿತ್ರವಾದ ಉತ್ತರ ಕೇಳಿಬರುತ್ತಿದೆ. ಅನ್ನ, ರೊಟ್ಟಿ, ಬೇಳೆ, ಕಾಯಿಪಲ್ಯ, ಹಣ್ಣು ಎಲ್ಲವನ್ನೂ ಬಿಟ್ಟುಬಿಡಿ. ಮಾಂಸ, ಮೀನು, ಮೊಟ್ಟೆ ಇಷ್ಟನ್ನೇ ತಿನ್ನಿ. ಬೊಜ್ಜು ಕರಗುವುದು, ಮಧುಮೇಹ ಹತೋಟಿಗೆ ಬರುವುದು, ಊಟವೂ ರುಚಿಕರವಾಗುವುದು ಎಂಬುದೇ ಆ ಉತ್ತರ. ಮೈಕಟ್ಟು ಬೆಳೆಸಬೇಕೆಂಬ ಹಂಬಲದ ತರುಣರೂ ಮಾತ್ರೆಗಳಿಂದ ಬೇಸತ್ತ ಹಿರಿಯರೂ ಇದಕ್ಕೆ ಕಿವಿಗೊಡುತ್ತಿದ್ದಾರೆ. ಆರೋಗ್ಯದ ವಿಷಯವಾದುದರಿಂದ ಇದನ್ನು ನಕ್ಕು ತಳ್ಳಿಹಾಕುವುದೂ ಸರಿಯಲ್ಲ, ಕೇಳಿದೊಡನೆ ನಂಬುವುದೂ ಸರಿಯಲ್ಲ. ಅಳೆದು ತೂಗಿ ನೋಡುವುದೇ ವಿಜ್ಞಾನದ ಮಾರ್ಗ.

ನಮ್ಮ ವಿಚಾರಕ್ಕೆ ನೆಲೆಯಾಗಿ ಕುಂದಾಪುರ ಸೀಮೆಯ ಅಮಾಸೆಬೈಲನ್ನು ತೆಗೆದುಕೊಳ್ಳೋಣ. ಈ ಊರಿನ ಮೂಡಣಕ್ಕೆ ಪಶ್ಚಿಮಘಟ್ಟದ ಕಾಡು, ಅಲ್ಲಿ ಚಿರತೆಯಿದೆ. ಪಡುವಣಕ್ಕೆ ಕಡಲು, ಗಂಗೊಳ್ಳಿಯಂತಹ ಬಂದರುಗಳಿಂದ ಒಳನಾಡಿಗೆ ಮೀನು ಬರುತ್ತದೆ. ನಡುವೆ, ಊರಿನ ಹೆಸರೇ ಸೂಚಿಸುವಂತೆ, ಬತ್ತ ಬೆಳೆಯುವ ಬೈಲು. ಮಾಂಸವನ್ನಷ್ಟೇ ತಿನ್ನುವ ಪ್ರಾಣಿ, ಅನ್ನದೊಡನೆ ಮೀನು ಮಾಂಸ ಉಣ್ಣುವ ಮನೆ, ಸಸ್ಯಾಹಾರವನ್ನಷ್ಟೇ ಉಣ್ಣುವ ಮನೆ, ಈ ಮೂರೂ ಇಲ್ಲಿ ನೆರೆಹೊರೆಯಲ್ಲಿವೆ. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇಕಿಲ್ಲ.

ಚಿರತೆಯ ಊಟ

ಚಿರತೆ ನಿಜವಾದ ಮಾಂಸಾಹಾರಿ. ಅದರ ದವಡೆಹಲ್ಲುಗಳು ಅಗಿಯುವುದಕ್ಕಾಗಿ ಇರುವುವಲ್ಲ. ಕತ್ತರಿಯ ಅಲಗುಗಳಂತೆ ಮಾಂಸವನ್ನು ಸೀಳುವುದಕ್ಕಾಗಿ ಇವೆ. ಅದರ ಕರುಳು ಗಿಡ್ಡ. ಬೆಕ್ಕಿನ ಕುಲದ ಪ್ರಾಣಿಗಳ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಇರುವುದಿಲ್ಲ. ಸಿಹಿಯನ್ನು ಗುರುತಿಸಲು ಬೇಕಾದ ಒಂದು ಜೀನು ಬೆಕ್ಕು, ಹುಲಿ ಮತ್ತು ಚೀತಾಗಳಲ್ಲಿ ನಿಷ್ಕ್ರಿಯವಾಗಿದೆಯೆಂದು ೨೦೦೫ರಲ್ಲಿ ತಿಳಿದುಬಂದಿತು. ಅವಕ್ಕೆ ಬೆಲ್ಲದ ಸಿಹಿ ತಿಳಿಯುವುದೇ ಇಲ್ಲ. ಪ್ರೋಟೀನನ್ನು ಸುಡುವ ಕಿಣ್ವಗಳು ಬೆಕ್ಕಿನ ಯಕೃತ್ತಿನಲ್ಲಿ ಹಗಲಿರುಳೂ ಒಂದೇ ಭರದಲ್ಲಿ ಕೆಲಸಮಾಡುತ್ತಿರುತ್ತವೆ. ಬೇಕಾದ ಜೀವಸತ್ವ ‘ಸಿ’ಯನ್ನೂ ಈ ಪ್ರಾಣಿಗಳು ತಮ್ಮ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತವೆ. ಮೇಲಾಗಿ, ಚಿರತೆ ತಿನ್ನುವುದು ಮಾಂಸಖಂಡವನ್ನು ಮಾತ್ರವಲ್ಲ. ಬೇಟೆಯ ಯಕೃತ್ತು, ಗುಂಡಿಗೆ, ಕೊಬ್ಬುಗಳೂ ಅದರ ಊಟವೇ.

ಮನುಷ್ಯನ ಸಂಗತಿ ಬೇರೆ. ಅವನ ಜೊಲ್ಲಿನಲ್ಲಿ ಅಮೈಲೇಸ್ ಧಾರಾಳವಾಗಿದೆ. ಪಿಷ್ಟವನ್ನು ಹೆಚ್ಚಾಗಿ ಉಣ್ಣುತ್ತ ಬಂದ ಜನಾಂಗಗಳಲ್ಲಿ ಈ ಕಿಣ್ವದ ಜೀನಿನ ಪ್ರತಿಗಳು ಸರಾಸರಿಯಲ್ಲಿ ಹೆಚ್ಚಾಗಿವೆಯೆಂದು ೨೦೦೭ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಜೀವಸತ್ವ ‘ಸಿ’ಯನ್ನು ತಯಾರಿಸುವ ಜೀನಾದರೋ ಮಂಗಗಳಲ್ಲಿಯೂ ವಾನರಗಳಲ್ಲಿಯೂ ಕೆಟ್ಟುಹೋಗಿರುವಂತೆ ನಮ್ಮಲ್ಲಿಯೂ ಕೆಟ್ಟುಹೋಗಿದೆ, ಅದನ್ನು ನಾವು ಹೊರಗಿನಿಂದಲೇ ಪಡೆಯಬೇಕು. ತಾಜಾ ಮಾಂಸದಲ್ಲಿ ಅದು ಅಲ್ಪಪ್ರಮಾಣದಲ್ಲಿ ಇರುವುದು ನಿಜ. ಆದರೆ ಬಹಳ ಹೊತ್ತು ಬೇಯಿಸಿದರೆ ಆ ಅಲ್ಪವೂ ಬಹುಮಟ್ಟಿಗೆ ನಾಶವಾಗುತ್ತದೆ. ಹೀಗಿರಲು, ಚಿರತೆಯ ಊಟವನ್ನು ಮನುಷ್ಯನು ಉಣ್ಣುವುದಾದರೆ ಅದು ಅವನ ದೇಹದಲ್ಲಿ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಈಗ ನೋಡಬೇಕು.

ಸೌದೆಯೂ ಇಟ್ಟಿಗೆಯೂ

ನಮ್ಮ ದೇಹಕ್ಕೆ ಆಹಾರದಿಂದ ಮುಖ್ಯವಾಗಿ ಎರಡು ಕೆಲಸಗಳು ಆಗಬೇಕು. ಮೊದಲನೆಯದು ಶಕ್ತಿಯ ಪೂರೈಕೆ. ಇದು ಒಲೆಗೆ ಸೌದೆ ಹಾಕಿದಂತೆ. ಎರಡನೆಯದು ಸವೆದ ಭಾಗಗಳ ದುರಸ್ತಿ ಮತ್ತು ಬೆಳವಣಿಗೆ. ಇದು ಗೋಡೆಗೆ ಇಟ್ಟಿಗೆ ಇಟ್ಟಂತೆ. ಪಿಷ್ಟ ಮತ್ತು ಕೊಬ್ಬು ಮುಖ್ಯವಾಗಿ ಸೌದೆ. ಪ್ರೋಟೀನು ಮುಖ್ಯವಾಗಿ ಇಟ್ಟಿಗೆ.

ಶಕ್ತಿಯನ್ನು ಅಳೆಯುವ ಮಾನ ಕ್ಯಾಲೊರಿ. ಆಹಾರಶಾಸ್ತ್ರದಲ್ಲಿ ಒಂದು ಕ್ಯಾಲೊರಿಯೆಂದರೆ ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸುವ ಶಾಖ. ಅಮೆರಿಕದ ರಸಾಯನಶಾಸ್ತ್ರಜ್ಞ ಆಟ್‌ವಾಟರನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿರ್ಣಯಿಸಿದ ಬೆಲೆಗಳನ್ನೇ ನಾವು ಇಂದಿಗೂ ಬಳಸುತ್ತೇವೆ. ಒಂದು ಗ್ರಾಂ ಪಿಷ್ಟದಿಂದ ೪, ಪ್ರೋಟೀನಿನಿಂದ ೪, ಕೊಬ್ಬಿನಿಂದ ೯ ಕ್ಯಾಲೊರಿ. ದಿನಕ್ಕೆ ೨೦೦೦ ಕ್ಯಾಲೊರಿ ವ್ಯಯಿಸುವ ಮನುಷ್ಯನು ಸರಾಸರಿ ೯೭ ವಾಟ್ ಸಾಮರ್ಥ್ಯದಲ್ಲಿ, ಎಂದರೆ ಸುಮಾರಾಗಿ ನೂರು ವಾಟಿನ ಒಂದು ಬಲ್ಬಿನಂತೆ, ಉರಿಯುತ್ತಿರುತ್ತಾನೆ.

ಪ್ರೋಟೀನಿನ ಬಗ್ಗೆ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರಯೋಗಶಾಲೆಯಲ್ಲಿ ಆಮ್ಲಜನಕದೊಡನೆ ಪೂರ್ಣವಾಗಿ ಸುಟ್ಟರೆ ಒಂದು ಗ್ರಾಂ ಪ್ರೋಟೀನಿನಿಂದ ಸುಮಾರು ೫.೬ ಕ್ಯಾಲೊರಿ ಶಾಖ ಹೊರಡುತ್ತದೆ. ದೇಹಕ್ಕೆ ದೊರೆಯುವುದು ನಾಲ್ಕೇ. ಏಕೆಂದರೆ ಪ್ರೋಟೀನಿನಲ್ಲಿರುವ ಸಾರಜನಕವನ್ನು ನಮ್ಮ ದೇಹ ಸುಡಲಾರದು. ಯಕೃತ್ತು ಅದನ್ನು ಯೂರಿಯಾ ಆಗಿ ಮಾರ್ಪಡಿಸುತ್ತದೆ, ಮೂತ್ರಪಿಂಡಗಳು ಹೊರಹಾಕುತ್ತವೆ. ಅರ್ಧ ಸುಟ್ಟ ಇದ್ದಿಲಿನಂತೆ ಯೂರಿಯಾ ತನ್ನೊಡನೆ ಸ್ವಲ್ಪ ಶಕ್ತಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಇಷ್ಟಲ್ಲದೆ ಪ್ರೋಟೀನನ್ನು ಅರಗಿಸಿ ಪರಿವರ್ತಿಸುವ ಕೆಲಸದಲ್ಲಿಯೇ ಅದರ ಶಕ್ತಿಯಲ್ಲಿ ನೂರಕ್ಕೆ ೨೦ರಿಂದ ೩೦ ಭಾಗ ಶಾಖವಾಗಿ ವ್ಯಯವಾಗುತ್ತದೆ. ಪಿಷ್ಟದಲ್ಲಿ ಈ ನಷ್ಟ ೫ರಿಂದ ೧೦ ಭಾಗ. ಕೊಬ್ಬಿನಲ್ಲಿ ಇನ್ನೂ ಕಡಿಮೆ.

ಒಂದು ಲೆಕ್ಕ

ಅಮಾಸೆಬೈಲಿನ ತರುಣನೊಬ್ಬನು ಚರ್ಮ ತೆಗೆದ ಕೋಳಿಯ ಎದೆಮಾಂಸವನ್ನು ಮಾತ್ರ ತಿಂದು ೨೦೦೦ ಕ್ಯಾಲೊರಿ ಪಡೆಯಬೇಕೆಂದು ನಿಶ್ಚಯಿಸಿದನೆನ್ನೋಣ. ಇಂತಹ ಮಾಂಸದ ೧೦೦ ಗ್ರಾಂನಲ್ಲಿ ಸುಮಾರು ೨೩ ಗ್ರಾಂ ಪ್ರೋಟೀನೂ ಎರಡು ಮೂರು ಗ್ರಾಂ ಕೊಬ್ಬೂ ಇರುತ್ತವೆ. ಶಕ್ತಿ ಸುಮಾರು ೧೧೮ ಕ್ಯಾಲೊರಿ. ಆದುದರಿಂದ ಅವನು ದಿನಕ್ಕೆ ೧.೭ ಕಿಲೋಗ್ರಾಂ ಮಾಂಸವನ್ನು ತಿನ್ನಬೇಕು. ಅಷ್ಟೇ ಶಕ್ತಿಗೆ ಅಕ್ಕಿಯಾದರೆ ಅರ್ಧ ಕಿಲೋಗ್ರಾಂಗಿಂತ ತುಸು ಹೆಚ್ಚು ಸಾಕು.

೧.೭ ಕಿಲೋಗ್ರಾಂ ಮಾಂಸದಲ್ಲಿ ೩೯೧ ಗ್ರಾಂ ಪ್ರೋಟೀನು ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೨೦ರ ಶಿಫಾರಸಿನಂತೆ ೬೫ ಕಿಲೋಗ್ರಾಂ ತೂಕದ ಪುರುಷನಿಗೆ ಬೇಕಾದದ್ದು ೫೪ ಗ್ರಾಂ. ಪ್ರೋಟೀನಿನಲ್ಲಿ ನೂರಕ್ಕೆ ೧೬ ಭಾಗ ಸಾರಜನಕ. ಎಂದರೆ ಸುಮಾರು ೬೨.೬ ಗ್ರಾಂ. ಯೂರಿಯಾದ ಅಣುತೂಕ ೬೦, ಅದರಲ್ಲಿ ಸಾರಜನಕದ ಪಾಲು ೨೮. ಈ ಸಾರಜನಕವೆಲ್ಲ ಯೂರಿಯಾ ಆದರೆ ೬೨.೬ × ೬೦ ÷ ೨೮ = ೧೩೪ ಗ್ರಾಂ. ಶಿಫಾರಸಿನ ಪ್ರಮಾಣವನ್ನಷ್ಟೇ ಉಣ್ಣುವವನಲ್ಲಿ ಇದೇ ಲೆಕ್ಕದಂತೆ ೧೮ರಿಂದ ೧೯ ಗ್ರಾಂ. ಹೀಗೆ ಏಳುಪಟ್ಟು ಯೂರಿಯಾವನ್ನು ಯಕೃತ್ತು ಪ್ರತಿದಿನವೂ ತಯಾರಿಸಬೇಕು, ಮೂತ್ರಪಿಂಡಗಳು ಹೊರಹಾಕಬೇಕು. ಯಕೃತ್ತಿನ ಈ ಸಾಮರ್ಥ್ಯಕ್ಕೆ ಮಿತಿಯಿದೆ. ಒಟ್ಟು ಶಕ್ತಿಯಲ್ಲಿ ನೂರಕ್ಕೆ ಸುಮಾರು ೩೫ ಭಾಗಕ್ಕಿಂತ ಹೆಚ್ಚಿನದನ್ನು ಪ್ರೋಟೀನಿನಿಂದಲೇ ಪಡೆಯುತ್ತ ಹೋದರೆ ವಾಕರಿಕೆ, ಭೇದಿ, ನಿಶ್ಶಕ್ತಿಗಳು ಕಾಣಿಸಿಕೊಳ್ಳುತ್ತವೆ. ಕೊಬ್ಬಿಲ್ಲದ ಮೊಲದ ಮಾಂಸವನ್ನೇ ತಿಂದು ಚಳಿಗಾಲ ಕಳೆಯಬೇಕಾದ ಉತ್ತರ ದೇಶಗಳ ಬೇಟೆಗಾರರು ಇದನ್ನು ‘ಮೊಲದ ಉಪವಾಸ’ ಎಂದು ಕರೆಯುತ್ತಿದ್ದರು. ಹೊಟ್ಟೆ ತುಂಬಿದ್ದರೂ ದೇಹ ಸೊರಗುವ ಉಪವಾಸವಿದು.

ಶಾಖದ ಲೆಕ್ಕವನ್ನೂ ನೋಡೋಣ. ೩೯೧ ಗ್ರಾಂ ಪ್ರೋಟೀನಿನ ಶಕ್ತಿ ೧೫೬೪ ಕ್ಯಾಲೊರಿ. ಅದರಲ್ಲಿ ಕಾಲುಭಾಗವಾದ ಸುಮಾರು ೩೯೦ ಕ್ಯಾಲೊರಿ ಬರಿಯ ಶಾಖವಾಗುತ್ತದೆ. ಚರ್ಮದ ಉಷ್ಣತೆಯಲ್ಲಿ ಒಂದು ಗ್ರಾಂ ಬೆವರು ಆವಿಯಾಗಲು ೦.೫೮ ಕ್ಯಾಲೊರಿ ಗುಪ್ತೋಷ್ಣ ಬೇಕು. ಈ ಶಾಖವೆಲ್ಲ ಬೆವರಿನ ಮೂಲಕವೇ ಹೋಗಬೇಕಾದರೆ ಸುಮಾರು ೬೭೦ ಗ್ರಾಂ ಬೆವರು ಆವಿಯಾಗಬೇಕು. ಹಿಮಪ್ರದೇಶದ ಬೇಟೆಗಾರನಿಗೆ ಈ ಶಾಖ ಕಂಬಳಿಯಿದ್ದಂತೆ. ಬೆವರು ಆರದೆ ಮೈಗೆ ಅಂಟಿಕೊಳ್ಳುವ ಕರಾವಳಿಯ ಬೇಸಗೆಯಲ್ಲಿ ಅದು ಹೊರೆಯೇ ಸರಿ.

ಎರಡು ಪರೀಕ್ಷೆಗಳು

ಹಾಗಾದರೆ ಮಾಂಸವೊಂದರಿಂದಲೇ ಬದುಕಿದವರು ಇಲ್ಲವೇ? ಇದ್ದಾರೆ. ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ಜನರ ಸಾಂಪ್ರದಾಯಿಕ ಆಹಾರದಲ್ಲಿ ಬಹುಭಾಗ ಸೀಲ್, ತಿಮಿಂಗಿಲ ಮತ್ತು ಮೀನು. ಅವರೊಡನೆ ವರ್ಷಗಟ್ಟಲೆ ವಾಸಿಸಿದ ಅನ್ವೇಷಕ ಸ್ಟೆಫನ್ಸನ್ ಮತ್ತು ಅವನ ಸಂಗಡಿಗ ಆಂಡರ್ಸನ್ ೧೯೨೮ರಲ್ಲಿ ನ್ಯೂಯಾರ್ಕಿನ ಬೆಲ್ಲೆವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿನಲ್ಲಿ ಮಾಂಸಾಹಾರವನ್ನು ಆರಂಭಿಸಿ ಒಂದು ವರ್ಷ ನಡೆಸಿದರು. ಆರಂಭದಲ್ಲಿ ಸ್ಟೆಫನ್ಸನ್ನನಿಗೆ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಕೆಲವೇ ದಿನಗಳಲ್ಲಿ ಅವನಿಗೆ ಭೇದಿಯೂ ಅಸ್ವಸ್ಥತೆಯೂ ಉಂಟಾದವು. ಕೊಬ್ಬನ್ನು ಸೇರಿಸಿದೊಡನೆ ಚೇತರಿಸಿಕೊಂಡನು. ಇಬ್ಬರಿಗೂ ಸ್ಕರ್ವಿ ರೋಗ ಬರಲಿಲ್ಲ. ಆದರೆ ಅವರ ಶಕ್ತಿಯಲ್ಲಿ ನೂರಕ್ಕೆ ಸುಮಾರು ೮೦ ಭಾಗ ಬಂದದ್ದು ಕೊಬ್ಬಿನಿಂದ. ಅವರ ಊಟವನ್ನು ಮಾಂಸಾಹಾರವೆನ್ನುವುದಕ್ಕಿಂತ ಕೊಬ್ಬಿನಾಹಾರವೆನ್ನುವುದೇ ಹೆಚ್ಚು ಸರಿ. ಮಾಂಸ ಅಲ್ಲಿಯೂ ಇಟ್ಟಿಗೆಯಾಗಿತ್ತು, ಸೌದೆಯಾದದ್ದು ಕೊಬ್ಬು.

ಇಷ್ಟೊಂದು ಕೊಬ್ಬನ್ನು ಸೌದೆಯಾಗಿ ಬಳಸುವುದರ ಪರಿಣಾಮವೇನು? ಇಬ್ಬರ ಒಂದು ವರ್ಷದ ಅನುಭವದಿಂದ ಇದಕ್ಕೆ ಉತ್ತರ ಹೇಳಲಾಗದು. ಆರು ತಿಂಗಳಿಗಿಂತ ಹೆಚ್ಚು ಕಾಲ ಮಾಂಸವನ್ನೇ ಮುಖ್ಯವಾಗಿ ತಿಂದ ೨೦೨೯ ಮಂದಿಯ ಹೇಳಿಕೆಗಳನ್ನು ಸಂಗ್ರಹಿಸಿದ ಸಮೀಕ್ಷೆಯೊಂದು ೨೦೨೧ರಲ್ಲಿ ಪ್ರಕಟವಾಯಿತು. ಬಹುಮಂದಿ ತಾವು ತೃಪ್ತರೆಂದೂ ತೂಕ ಇಳಿಯಿತೆಂದೂ ಹೇಳಿದರು. ಆದರೆ ರಕ್ತಪರೀಕ್ಷೆಯ ವಿವರ ಕೊಟ್ಟವರಲ್ಲಿ ಹೃದ್ರೋಗಕ್ಕೆ ಕಾರಣವಾಗುವ ಎಲ್‌ಡಿಎಲ್ ಕೊಲೆಸ್ಟರಾಲಿನ ಮಧ್ಯಕ ಬೆಲೆ ೧೭೨ ಮಿಲಿಗ್ರಾಂ ಇದ್ದಿತು. ಅದು ೧೦೦ರೊಳಗಿದ್ದರೆ ಮೇಲೆಂದು ವೈದ್ಯರ ಮತ. ತೃಪ್ತರಾದವರು ಮಾತ್ರ ಉತ್ಸಾಹದಿಂದ ಉತ್ತರ ಕೊಡುವ ಸಂಭವವುಂಟೆಂಬುದನ್ನೂ ನಾವು ಮರೆಯಬಾರದು.

ತೂಕ ಇಳಿಯುವ ಗುಟ್ಟು

ಅನ್ನವನ್ನು ಬಿಟ್ಟ ಮೊದಲ ವಾರದಲ್ಲೇ ಎರಡು ಕಿಲೋಗ್ರಾಂ ಇಳಿಯಿತೆಂದು ಹೇಳುವವರ ಮಾತು ಸುಳ್ಳಲ್ಲ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋಗ್ರಾಂ ಗ್ಲೈಕೊಜನ್ ಎಂಬ ಪಿಷ್ಟ ಸಂಗ್ರಹವಾಗಿರುತ್ತದೆ. ಅದರ ಪ್ರತಿ ಗ್ರಾಂನೊಡನೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಪಿಷ್ಟ ಬರುವುದು ನಿಂತಾಗ ಈ ಸಂಗ್ರಹ ಬಹುಪಾಲು ಖರ್ಚಾಗಿ ನೀರೂ ಹೊರಟುಹೋಗುತ್ತದೆ. ತಕ್ಕಡಿ ತೋರಿಸಿದ್ದು ಮುಖ್ಯವಾಗಿ ನೀರಿನ ನಷ್ಟವನ್ನು, ಬೊಜ್ಜಿನ ನಷ್ಟವನ್ನಲ್ಲ.

ಮುಂದಿನ ವಾರಗಳಲ್ಲಿಯೂ ತೂಕ ಇಳಿಯುವುದುಂಟು, ಮಧುಮೇಹಿಗಳ ರಕ್ತದ ಸಕ್ಕರೆ ತಗ್ಗುವುದೂ ಉಂಟು. ಪ್ರೋಟೀನು ಹಸಿವನ್ನು ಅಡಗಿಸುವುದರಿಂದ ಊಟದ ಒಟ್ಟು ಪ್ರಮಾಣ ಕಡಿಮೆಯಾಗುತ್ತದೆ. ಆದರೆ ಮಾಂಸವನ್ನು ಹಿಡಿದವನು ಅದೇ ದಿನ ಸಕ್ಕರೆ, ಮೈದಾ, ಬೇಕರಿಯ ತಿಂಡಿ, ಬಾಟಲಿಯ ಸಿಹಿಪಾನೀಯ ಎಲ್ಲವನ್ನೂ ಬಿಟ್ಟಿದ್ದಾನೆ. ಏಕಕಾಲದಲ್ಲಿ ಹಲವು ಅಂಶಗಳನ್ನು ಬದಲಾಯಿಸಿದ ಮೇಲೆ ಫಲಕ್ಕೆ ಕಾರಣ ಇಂಥದೇ ಎಂದು ಹೇಳುವುದು ಪ್ರಯೋಗವಿಧಾನಕ್ಕೆ ವಿರುದ್ಧ. ಸಕ್ಕರೆಯನ್ನು ಬಿಟ್ಟದ್ದರ ಪುಣ್ಯವನ್ನು ಸೊಪ್ಪನ್ನು ಬಿಟ್ಟದ್ದರ ಲೆಕ್ಕಕ್ಕೆ ಬರೆಯಲಾಗದು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಒಮ್ಮೆಲೇ ಅನ್ನವನ್ನು ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರಪಿಂಡದ ಬೇನೆಯಿರುವವರಿಗೆ ಅತಿಯಾದ ಪ್ರೋಟೀನು ಹಾನಿಕರ. ಮನೆಯ ಹಿರಿಯರು ಇಂತಹ ಪ್ರಯೋಗಕ್ಕೆ ಹೊರಟರೆ ವಿದ್ಯಾವಂತರಾದ ಕಿರಿಯರು ಈ ಮಾತನ್ನು ಅವರಿಗೆ ಹೇಳುವುದು ಕರ್ತವ್ಯ.

ರುಚಿಯ ಮಾತು

ಮಾಂಸದ ಊಟ ರುಚಿಕರವೆಂಬುದನ್ನು ಕುಂದಾಪುರ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ರುಚಿ ಎಲ್ಲಿಂದ ಬರುತ್ತದೆ? ಕೋಳಿಸಾರಿನಿಂದ ಸಸ್ಯಜನ್ಯವಾದುದನ್ನೆಲ್ಲ ಒಂದೊಂದಾಗಿ ತೆಗೆಯೋಣ. ಒಣಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸು, ಬೆಳ್ಳುಳ್ಳಿ, ನೀರುಳ್ಳಿ, ತೆಂಗಿನಕಾಯಿ ಹೋದುವು. ಪಕ್ಕದಲ್ಲಿದ್ದ ನೀರುದೋಸೆಯೂ ಹೋಯಿತು. ಉಳಿದದ್ದು ಉಪ್ಪುನೀರಿನಲ್ಲಿ ಬೆಂದ ಕೋಳಿ! ಕುಂದಾಪುರದ ಹೆಸರನ್ನು ದೂರದೂರಕ್ಕೆ ಒಯ್ದ ಕೋಳಿಯ ‘ಘೀ ರೋಸ್ಟ್’ ಕೂಡ ಮೆಣಸು ಹುಳಿಗಳಿಲ್ಲದೆ ಆಗುವುದಿಲ್ಲ.

ಇದಕ್ಕೆ ಭೌತಿಕ ಕಾರಣವೂ ಇದೆ. ನೀರು ಕುದಿಯುವುದು ೧೦೦ ಡಿಗ್ರಿಯಲ್ಲಿ. ಹುರಿದ ಪದಾರ್ಥಕ್ಕೆ ಕಂದುಬಣ್ಣವನ್ನೂ ಘಮವನ್ನೂ ಕೊಡುವ ರಾಸಾಯನಿಕ ಕ್ರಿಯೆ ಚುರುಕಾಗುವುದು ಸುಮಾರು ೧೪೦ ಡಿಗ್ರಿಯ ಮೇಲೆ. ೧೯೧೨ರಲ್ಲಿ ಇದನ್ನು ವರ್ಣಿಸಿದ ಫ್ರೆಂಚ್ ವಿಜ್ಞಾನಿ ಮಯಾರನ ಹೆಸರಿನಿಂದಲೇ ಈ ಕ್ರಿಯೆ ಪ್ರಸಿದ್ಧವಾಗಿದೆ. ತುಪ್ಪದಲ್ಲಿ ಈ ಉಷ್ಣತೆ ದೊರೆಯುತ್ತದೆ. ಮೇಲಾಗಿ ಮೆಣಸಿನ ಖಾರವೂ ಮಸಾಲೆಯ ಸುವಾಸನೆಯ ಬಹುಭಾಗವೂ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಕೊಬ್ಬು ಪ್ರಾಣಿಯದು, ಪರಿಮಳ ಸಸ್ಯದ್ದು. ಎರಡೂ ಕೂಡಿದಾಗಲೇ ಅಡಿಗೆ.

ಬೈಲಿನ ಊಟ

ಈಗ ಅಮಾಸೆಬೈಲಿನ ಸಾಮಾನ್ಯ ಊಟವನ್ನು ನೋಡೋಣ. ಕುಚ್ಚಲಕ್ಕಿಯ ಅನ್ನ ಅಥವಾ ಗಂಜಿ, ಮೀನುಸಾರು, ಒಂದು ಪಲ್ಯ. ಬತ್ತವನ್ನು ಹೊಟ್ಟಿನೊಡನೆಯೇ ಬೇಯಿಸುವಾಗ ಹೊರಪದರದ ಜೀವಸತ್ವ ‘ಬಿ೧’ ಕಾಳಿನೊಳಕ್ಕೆ ಇಳಿಯುವುದರಿಂದ ಕುಚ್ಚಲಕ್ಕಿಯಲ್ಲಿ ಅದು ಬೆಳ್ತಿಗೆ ಅಕ್ಕಿಗಿಂತ ಹೆಚ್ಚಾಗಿ ಉಳಿಯುತ್ತದೆ. ಬೂತಾಯಿ, ಬಂಗುಡೆ ಮೀನುಗಳಲ್ಲಿ ಒಳ್ಳೆಯ ಪ್ರೋಟೀನೂ ಹೃದಯಕ್ಕೆ ಹಿತವಾದ ಕೊಬ್ಬೂ ಇವೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಮಳೆಗಾಲದಲ್ಲಿ ಒಣಮೀನು ಒದಗುತ್ತದೆ. ಮೀನು ಉಣ್ಣದ ಮನೆಗಳಲ್ಲಿ ಬೇಳೆ, ಹೆಸರು, ಮಜ್ಜಿಗೆಗಳು ಇದೇ ಕೆಲಸವನ್ನು ಮಾಡುತ್ತವೆ. ಇಟ್ಟಿಗೆಯೂ ಸೌದೆಯೂ ತಮ್ಮ ತಮ್ಮ ಸ್ಥಾನದಲ್ಲಿವೆ.

ಕೊರತೆಯಿರುವುದು ಪ್ರಮಾಣದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ೨೦೨೪ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಭಾರತೀಯರ ಶಕ್ತಿಯಲ್ಲಿ ನೂರಕ್ಕೆ ೫೦ರಿಂದ ೭೦ ಭಾಗ ಧಾನ್ಯದಿಂದಲೇ ಬರುತ್ತಿದೆ; ಅದು ೪೫ನ್ನು ಮೀರಬಾರದು. ಬೇಳೆ, ಮಾಂಸ, ಮೀನುಗಳಿಂದ ಒಟ್ಟಾಗಿ ಬರುವುದು ೬ರಿಂದ ೯ ಭಾಗ. ಬರಬೇಕಾದದ್ದು ಸುಮಾರು ೧೪. ಆದುದರಿಂದ ಮಾಂಸವನ್ನಷ್ಟೇ ತಿನ್ನಿರೆನ್ನುವವರ ಮಾತಿನಲ್ಲಿ ಒಂದಂಶ ಗ್ರಾಹ್ಯವಾದುದು: ನಮ್ಮ ಎಲೆಯ ಮೇಲಿನ ಅನ್ನದ ರಾಶಿ ಕುಗ್ಗಬೇಕು, ಮೀನು ಅಥವಾ ಬೇಳೆಯ ಪಾಲು ಹಿಗ್ಗಬೇಕು, ಸಕ್ಕರೆ ಮೈದಾಗಳು ದೂರವಾಗಬೇಕು. ಇದಕ್ಕಾಗಿ ಸೊಪ್ಪು, ಹಣ್ಣು, ಕಾಳುಗಳನ್ನು ಎಲೆಯಿಂದ ಎತ್ತಿಹಾಕಬೇಕಾದ ಅವಶ್ಯಕತೆಯಿಲ್ಲ.

ಅಭ್ಯಾಸ

೧. ಒಂದು ತುತ್ತು ಅನ್ನವನ್ನು ನುಂಗದೆ ಎರಡು ನಿಮಿಷ ಅಗಿಯಿರಿ. ರುಚಿಯಲ್ಲಿ ಆಗುವ ಬದಲಾವಣೆಯೇನು? ಅದಕ್ಕೆ ಕಾರಣವನ್ನು ಬರೆಯಿರಿ. ಚಿರತೆಗೆ ಈ ಅನುಭವವಾಗದಿರಲು ಎರಡು ಕಾರಣಗಳನ್ನು ಕೊಡಿ.

೨. ನೂರು ಗ್ರಾಂ ಮೀನಿನಲ್ಲಿ ೨೦ ಗ್ರಾಂ ಪ್ರೋಟೀನೂ ೮ ಗ್ರಾಂ ಕೊಬ್ಬೂ ಇದ್ದರೆ ಅದರ ಶಕ್ತಿಯೆಷ್ಟು? (ಉತ್ತರ: ೧೫೨ ಕ್ಯಾಲೊರಿ.)

೩. ದಿನಕ್ಕೆ ೩೯೦ ಕ್ಯಾಲೊರಿ ಶಾಖವೆಂದರೆ ಎಷ್ಟು ವಾಟ್? ಒಂದು ಕ್ಯಾಲೊರಿಗೆ ೪೧೮೪ ಜೂಲ್. (ಉತ್ತರ: ಸುಮಾರು ೧೯ ವಾಟ್.)

೪. ನಿಮ್ಮ ಮನೆಯ ಒಂದು ದಿನದ ಊಟದ ಪದಾರ್ಥಗಳನ್ನು ತೂಗಿ, ಧಾನ್ಯದಿಂದ ಬರುವ ಶಕ್ತಿ ನೂರಕ್ಕೆ ಎಷ್ಟು ಭಾಗವೆಂದು ಲೆಕ್ಕಹಾಕಿರಿ.