ರಿಪೇರಿಗೆ ಹಿಡಿದ ವೇಳೆ: ಲೆಕ್ಕ ಇಡುವ ಕ್ರಮ



ಆಷಾಢದಲ್ಲಿ ಮಳೆ ಒಂದು ದಿನ ಹೊಳವಾದರೆ ಆ ದಿನವೇ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ಅಂದು ಸ್ಪ್ರೇಯರು ರಿಪೇರಿ ಶೆಡ್ಡಿನಲ್ಲಿ ಬಿದ್ದಿದ್ದರೆ ಕೊಳೆರೋಗ ನಮಗಾಗಿ ಕಾಯುವುದಿಲ್ಲ. "ಎರಡು ಗಂಟೆಯ ಕೆಲಸಕ್ಕೆ ಮೂರು ದಿನವೇ?" ಎಂಬ ದೂರು ಬರುವುದೂ ಆಗಲೇ. ಇದಕ್ಕೆ ಉತ್ತರ ಹೇಳಬೇಕಾದರೆ, ಯಂತ್ರವು ಶೆಡ್ಡಿನಲ್ಲಿದ್ದ ವೇಳೆ ಬೇರೆ, ಮೆಕ್ಯಾನಿಕ್ಕನ ಕೈ ಅದರ ಮೇಲಿದ್ದ ವೇಳೆ ಬೇರೆ ಎಂಬುದನ್ನು ಮೊದಲು ತಿಳಿಯಬೇಕು.

ಕಾರ್ಡು ಬರೆಯುವ ಬಗೆ: ಶೆಡ್ಡಿಗೆ ಬಂದ ಪ್ರತಿ ಯಂತ್ರಕ್ಕೂ ಒಂದು ಕಾರ್ಡು ಕಟ್ಟಬೇಕು. ಅದರಲ್ಲಿ ಮೂರೇ ಕಲಮುಗಳು ಸಾಕು: ಕೈಹಾಕಿದ ವೇಳೆ, ಕೈಬಿಟ್ಟ ವೇಳೆ, ಬಿಟ್ಟ ಕಾರಣ. ಕೆಲಸ ಮಾಡುವವನೇ ಆಗಿಂದಾಗ ಬರೆಯಬೇಕು. ಸಂಜೆ ನೆನಪಿನಿಂದ ಬರೆದದ್ದು ಅಂದಾಜೇ ಹೊರತು ಲೆಕ್ಕವಲ್ಲ.

ಉದಾಹರಣೆಗೆ, ಸೋಮವಾರ ಬೆಳಿಗ್ಗೆ ಬಂದ ಸ್ಪ್ರೇಯರು ಬುಧವಾರ ಸಂಜೆ ಹೊರಟಿತೆನ್ನೋಣ. ಸೋಮವಾರ ಬಿಚ್ಚಿದ್ದು 40 ನಿಮಿಷ. ವಾಷರು ಇಲ್ಲದೆ ನಿಂತಿತು. ಮಂಗಳವಾರ 25 ನಿಮಿಷ, ಕರೆಂಟು ಹೋಯಿತು. ಬುಧವಾರ ಜೋಡಿಸಿ ಪರೀಕ್ಷಿಸಿದ್ದು 30 ನಿಮಿಷ. ಒಟ್ಟು 95 ನಿಮಿಷ. ದಿನಕ್ಕೆ 7 ಗಂಟೆಯಂತೆ ಮೂರು ದಿನಕ್ಕೆ 21 ಗಂಟೆ, ಅಂದರೆ 1,260 ನಿಮಿಷ. ಕೈ ಕೆಲಸ ಅದರ ಹದಿಮೂರರಲ್ಲಿ ಒಂದು ಪಾಲೂ ಆಗಲಿಲ್ಲ. ಮೆಕ್ಯಾನಿಕ್ಕನನ್ನು ಅವಸರಪಡಿಸಿದರೆ ಉಳಿಯುವುದು ಹತ್ತು ನಿಮಿಷ. ವಾಷರು ಮೊದಲೇ ತರಿಸಿಟ್ಟರೆ ಉಳಿಯುವುದು ಒಂದು ದಿನ.

ದರದ ಲೆಕ್ಕ: ದಿನಕ್ಕೆ 840 ರೂಪಾಯಿ ಸಂಬಳ, 7 ಗಂಟೆ ಹಾಜರಿ ಎಂದಿಟ್ಟುಕೊಳ್ಳಿ. ಗಂಟೆಗೆ 120 ರೂಪಾಯಿ ಎನ್ನುವುದು ಸುಲಭ. ಆದರೆ ಕಾರ್ಡುಗಳನ್ನು ಕೂಡಿಸಿದಾಗ ಯಂತ್ರಗಳ ಮೇಲೆ ಕೈಯಿದ್ದದ್ದು 5 ಗಂಟೆ ಮಾತ್ರ ಎಂದಾದರೆ, ನಿಜವಾದ ಖರ್ಚು ಗಂಟೆಗೆ 168 ರೂಪಾಯಿ. 120ರಂತೆ ಬಿಲ್ಲು ಹಾಕಿದರೆ ದಿನಕ್ಕೆ 240 ರೂಪಾಯಿ ಸಂಘದ ಗಂಟಿನಿಂದ, ಅಂದರೆ ನಮ್ಮೆಲ್ಲರ ಗಂಟಿನಿಂದ ಹೋಗುತ್ತದೆ. ಹಾಗೆಂದು ಹೊಸ ಹುಡುಗನು ಕಲಿಯುತ್ತ ಕಳೆದ ವೇಳೆಯನ್ನು ಸದಸ್ಯರ ಬಿಲ್ಲಿಗೆ ಏರಿಸುವುದು ನ್ಯಾಯವಲ್ಲ. ಒಂದೇ ಬಗೆಯ ಹತ್ತು ಕೆಲಸಗಳ ಕಾರ್ಡು ಜೋಡಿಸಿ, ನಡುವಿನ ಅಂಕಿಯನ್ನು ಹಿಡಿದು ದರ ಗೊತ್ತುಮಾಡುವುದು ಒಳ್ಳೆಯದು.

ಒಂದು ಎಚ್ಚರಿಕೆ: ಗಡಿಯಾರವನ್ನು ಚಾವಟಿ ಮಾಡಬಾರದು. ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಟೇಲರ್ ಪದ್ಧತಿಯಂತೆ ಸ್ಟಾಪ್‌ವಾಚ್ ಹಿಡಿದು ಕೆಲಸ ಅಳೆಯತೊಡಗಿದಾಗ, 1911ರ ಆಗಸ್ಟಿನಲ್ಲಿ ಎರಕದ ಕೆಲಸಗಾರರು ಹೊರನಡೆದರು. ವಿಷಯ ಅಲ್ಲಿನ ಸಂಸತ್ತಿಗೂ ಹೋಯಿತು. 1915ರಲ್ಲಿ ಸೈನ್ಯದ ಅನುದಾನದ ಹಣದಿಂದ ಅಂತಹ ಅಳತೆ ನಡೆಸಕೂಡದೆಂದು ಕಾನೂನೇ ಆಯಿತು.

ಅಷ್ಟು ದೂರ ಹೋಗಬೇಕಾಗಿಲ್ಲ. ನಾವೇ ಒಮ್ಮೆ ನಮ್ಮ ಮೆಕ್ಯಾನಿಕ್ಕನನ್ನು ಸದಸ್ಯರೆದುರು ಸೋಮಾರಿ ಎಂದು ಗದರಿದ್ದುಂಟು. ಆತ ಎದುರು ಮಾತಾಡಲಿಲ್ಲ. ತಿಂಗಳು ಕಳೆದು ಕಾರ್ಡುಗಳನ್ನು ತಿರುವಿದಾಗ ಮೂರನೆಯ ಕಲಮಿನಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ ಕಾರಣ: "ಸ್ಟೋರಿನ ಬೀಗದಕೈ ಇಲ್ಲ." ಬೀಗದಕೈ ನಮ್ಮ ಜೇಬಿನಲ್ಲಿತ್ತು. ಸದಸ್ಯರೆದುರು ಗದರಿದವರು ಸದಸ್ಯರೆದುರೇ ತಪ್ಪೊಪ್ಪಿಕೊಂಡೆವು. ಈಗ ಇನ್ನೊಂದು ಬೀಗದಕೈ ಶೆಡ್ಡಿನಲ್ಲೇ ಇದೆ.

ಸದಸ್ಯರದೂ ಒಂದು ಪಾಲಿದೆ. ಸುಣ್ಣದ ಗಸಿ ಕಟ್ಟಿದ ನಾಝಲ್ಲು, ಮೈಲುತುತ್ತ ತಿಂದ ಕಬ್ಬಿಣದ ಭಾಗಗಳು ಕಾರ್ಡಿನಲ್ಲಿ ತಪ್ಪದೆ ಬರುತ್ತವೆ. ದ್ರಾವಣವನ್ನು ಸೋಸಿ ತುಂಬಿಸಿ. ಕೆಲಸ ಮುಗಿದ ಸಂಜೆಯೇ ಶುದ್ಧ ನೀರು ಹಾಯಿಸಿ ತೊಳೆಯಿರಿ. ಮಳೆಗಾಲಕ್ಕೆ ಮೊದಲೇ ಯಂತ್ರವನ್ನು ತನ್ನಿ. ಬಿಲ್ಲು ಪಡೆಯುವಾಗ ಕಾರ್ಡನ್ನೂ ಕೇಳಿ ನೋಡಿ. ಅದು ನಿಮ್ಮ ಹಕ್ಕು.

– ಕಾರ್ಯದರ್ಶಿ