ಅಲಗನ್ನೂ ಹಿಡಿಯನ್ನೂ ಬೇರೆ ಬೇರೆಯಾಗಿ ಕೇಳು

ಮಗೂ, ಹರಾಜಿನಲ್ಲಿ ಕೊಂಡ ಕತ್ತಿ ಯಾವ ಊರಿನದು ಎಂದು ಕೇಳಿದ್ದೀಯ. ಆ ಪ್ರಶ್ನೆಯನ್ನು ಮೊದಲು ಮೂರು ಮಾಡಿಕೋ: ಅಲಗು ಎಲ್ಲಿಯದು, ಹಿಡಿ ಎಲ್ಲಿಯದು, ಕತ್ತಿ ಯಾರ ಬಳಿ ಇತ್ತು? ನಮ್ಮ ನಾಡಿನ ಹಳೆಯ ಕತ್ತಿಗಳಲ್ಲಿ ಈ ಮೂರಕ್ಕೂ ಒಂದೇ ಉತ್ತರ ಇರಬೇಕೆಂದಿಲ್ಲ.

ಅಲಗಿನ ಬುಡವನ್ನು ಹಿಡಿಯೊಳಗೆ ಅರಗು ಹಾಕಿ ಕೂರಿಸುತ್ತಿದ್ದರು. ಕಾಯಿಸಿದರೆ ಅರಗು ಕರಗುತ್ತದೆ. ಹಳೆಯ ಅಲಗು ಹೊಸ ಹಿಡಿಗೆ ಸೇರುತ್ತದೆ. ಯುರೋಪಿನಿಂದ ಹಡಗಿನಲ್ಲಿ ಬಂದ ಉದ್ದನೆಯ ನೇರ ಅಲಗುಗಳು ದಖ್ಖನಿನಲ್ಲಿ ಇಲ್ಲಿಯ ಹಿಡಿ ಪಡೆದು ‘ಫಿರಂಗಿ’ ಎನಿಸಿದ್ದು ಹೀಗೆ. ಅಲಗಿನ ಮೇಲೆ ಓಡುವ ತೋಳದ ಗುರುತಿದ್ದರೆ ಜರ್ಮನಿಯ ಪಸ್ಸಾವ್, ಸೋಲಿಂಗನ್ ನೆನಪಾಗಬೇಕು. ಆದರೆ ಆ ಗುರುತನ್ನು ನಕಲು ಮಾಡಿದವರೂ ಇದ್ದರು, ಅದೊಂದನ್ನೇ ನಂಬಬೇಡ.

ಬರಹವಿದ್ದರೂ ಅಷ್ಟೇ ಎಚ್ಚರ. ಮೊಗಲರ ಪರವಾಗಿ ಹೋರಾಡಿದ ಬಿಕಾನೇರಿನ ಅನೂಪ್ ಸಿಂಗ್ 1689ರಲ್ಲಿ ಆದವಾನಿ ಕೋಟೆಯಿಂದ ಒಯ್ದ ಆಯುಧಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ನಾಗರಿ ಅಕ್ಷರ ಕೊರೆಸಲಾಯಿತು. ಅಕ್ಷರ ಬಿಕಾನೇರಿನದು, ಕೆಲಸ ದಖ್ಖನಿನದು. ಬರಹ ಒಡೆಯನನ್ನು ಹೇಳೀತು, ಕಮ್ಮಾರನನ್ನು ಹೇಳಲಾರದು.

ಅಲಗಿನಲ್ಲಿ ನೀರಿನ ಅಲೆಯಂಥ ಗೆರೆಗಳಿದ್ದರೆ ಅದು ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕಿರಬಹುದು. ಆಸಿಡ್ ಹಾಕಿ ಬರೀ ಮೇಲ್ಮೈಯಲ್ಲಿ ಬರೆದ ಗೆರೆಯೂ ಇರಬಹುದು. ಬಲ್ಲವರು ನೋಡುವವರೆಗೆ ಮರಳು ಕಾಗದ, ಹುಣಸೆಹಣ್ಣು ಯಾವುದನ್ನೂ ಮುಟ್ಟಿಸಬೇಡ. ಹೊಳಪಿನ ಆಸೆಗೆ ಉಜ್ಜಿದರೆ ಗುರುತು, ಬಂಗಾರದ ಎಳೆ, ಹಳೆಯ ಕಲೆ ಎಲ್ಲವೂ ಹೋಗುತ್ತವೆ, ಮತ್ತೆ ಬರುವುದಿಲ್ಲ. ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ ಇಡು, ಸಾಕು.

ಹುಲಿಪಟ್ಟೆ ಕಂಡ ಮಾತ್ರಕ್ಕೆ ಟಿಪ್ಪುವಿನದು ಎಂದು ಯಾರಾದರೂ ಹೇಳಿದರೆ ಕಾಗದ ಕೇಳು. 2023ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಕೊಟ್ಟದ್ದಕ್ಕೆ ದಾಖಲೆಯಿತ್ತು.

ನೂರು ವರ್ಷ ದಾಟಿದ ಇಂಥ ವಸ್ತುವನ್ನು 1972ರ ಪುರಾವಸ್ತು ಕಾಯ್ದೆಯಂತೆ ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಕತ್ತಿ ಇಟ್ಟುಕೊಳ್ಳುವ ನಿಯಮವನ್ನು ಪೊಲೀಸ್ ಠಾಣೆಯಲ್ಲಿ ವಿಚಾರಿಸು.

ಹರಾಜಿನ ರಸೀತಿ, ಪಟ್ಟಿಯ ಪುಟ, ಮಾರಿದವರು ಹೇಳಿದ ಮಾತು, ಎರಡೂ ಬದಿಯ ಫೋಟೊ, ಉದ್ದ, ತೂಕ ಎಲ್ಲವನ್ನೂ ದಿನಾಂಕ ಹಾಕಿ ಜೋಡಿಸಿಡು. ತಿಳಿದದ್ದನ್ನೂ ಊಹೆಯನ್ನೂ ಬೇರೆ ಬೇರೆ ಬರೆ. ಉತ್ತರ ನಿನ್ನ ಕಾಲಕ್ಕೆ ಸಿಗದಿದ್ದರೂ, ಮುಂದೆ ಹುಡುಕುವವರಿಗೆ ನೀನು ದಾರಿ ತಪ್ಪಿಸಿರುವುದಿಲ್ಲ.